ಚಿನ್ನ ಹುಡುಕಿಕೊಟ್ಟ ತಪ್ಪಿಗಾಗಿ ಲಕ್ಕಿ ಡಿಂಗೋ ಯಂತ್ರದ ಮೇಲೆ ದೂರು

ವಿರಬೂಲ್ ಊರಿನ ಹಳೇ ಅಂಚೆ ಕಚೇರಿಯ ಹಿಂದಿನ ಮನೆಯ ಕಾರ್ ಶೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಎಡಮಗ್ಗುಲಿಗೆ, ಗೋಣಿಚೀಲ ಹೊದ್ದು ವಿರಾಜಮಾನರಾಗಿರುವ ಲೋಹಶೋಧಕ ಯಂತ್ರ ಲಕ್ಕಿ ಡಿಂಗೋ, ಮಾದರಿ ಮೂರು, 'ಹೊಸಬರ ಅಚ್ಚುಮೆಚ್ಚು', ಇವರ ದಿವ್ಯ ಸನ್ನಿಧಾನಕ್ಕೆ.

ಮಾನ್ಯರೇ,

ತಮ್ಮ ಬ್ಯಾಟರಿಗಳು ತುಂಬಿವೆಯೆಂದೂ, ತಮ್ಮ ದುಂಡುತಟ್ಟೆಗೆ ಇರುವೆ ಮುತ್ತಿಲ್ಲವೆಂದೂ, ಶೆಡ್ಡಿನ ಇಲಿ ತಮ್ಮ ಹೆಡ್‌ಫೋನಿನ ತಂತಿಯನ್ನು ಇನ್ನೂ ರುಚಿ ನೋಡಿಲ್ಲವೆಂದೂ ನಂಬಿ, ಕೆಳಗೆ ಸಹಿ ಮಾಡಿರುವ ನೆವಿಲ್ ಪೆಂಗೆಲಿಯಾದ ನಾನು, ವಿಕ್ಟೋರಿಯಾದ ಚಿನ್ನದ ಸೀಮೆಯಲ್ಲಿ ಹುಟ್ಟಿಯೂ ಅರವತ್ತೊಂಬತ್ತು ವರ್ಷ ನೆಲದಿಂದ ಒಂದು ಕಾಳು ಚಿನ್ನ ಎತ್ತದೆ ಬದುಕಿದವನು, ಮೂವತ್ತೊಂದು ವರ್ಷ ಈ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಬೇರೆಯವರ ದೂರಿನ ಪತ್ರಗಳಿಗೆ ಮುದ್ರೆ ಒತ್ತಿದವನು, ನನ್ನ ಬಾಳಿನ ಮೊದಲ ದೂರಿನ ಪತ್ರವನ್ನು ತಮಗೆ ಅರ್ಪಿಸುತ್ತಿದ್ದೇನೆ. ತಮಗೆ ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತು. ಓದಲು ಬರುವವರಿಗೆ ಬರೆದ ದೂರುಗಳ ಗತಿ ಏನಾಗುತ್ತಿತ್ತೆಂದು ಕಣ್ಣಾರೆ ಕಂಡವನಾದ್ದರಿಂದ ಅದನ್ನೊಂದು ಕೊರತೆಯೆಂದು ನಾನು ಎಣಿಸುವುದಿಲ್ಲ. ಇದು ಬಹಿರಂಗ ಪತ್ರ. ಇದರ ಒಂದು ಪ್ರತಿಯನ್ನು ವಿರಬೂಲ್ ಚಿನ್ನ ಹುಡುಕುವವರ ಸಂಘದ ಸೂಚನಾ ಫಲಕಕ್ಕೆ ಶುಕ್ರವಾರ ನಾನೇ ಪಿನ್ನು ಚುಚ್ಚಿ ಹಾಕುತ್ತೇನೆ.

ದೂರು ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನ್ನೊಂದು ತಿಂಗಳು ತಾವು ನಮಗೆ ಗುಲಗಂಜಿಯಷ್ಟು ಚಿನ್ನವನ್ನೂ ಕೊಡಲಿಲ್ಲ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಹನ್ನೊಂದು ತಿಂಗಳ ತಮ್ಮ ನಡತೆ ನಿಷ್ಕಳಂಕ. ನನ್ನ ದೂರಿರುವುದು ಹನ್ನೆರಡನೇ ತಿಂಗಳ ಮೊದಲ ಮಂಗಳವಾರ ತಾವು ಕೊಟ್ಟ ಚಿನ್ನದ ಬಗ್ಗೆ. ನನ್ನ ಗೆಳೆಯ ಪಕ್ಕದಲ್ಲಿ ಇಲ್ಲದ ಒಂದೇ ಒಂದು ದಿನವನ್ನು ಹುಡುಕಿ, ಆ ದಿನವೇ ತಾವು ಮಾಡಿದ ಆ ಉಪಕಾರದಿಂದಾಗಿ ಮೂರು ವಾರದಿಂದ ನನಗೆ ಊಟ ರುಚಿಸುತ್ತಿಲ್ಲ, ಮತ್ತು ನನ್ನ ಹೆಂಡತಿ ಡಲ್ಸಿಯ ಹುರಿದ ಕುರಿಮಾಂಸ ನಾಯಿಯ ಪಾಲಾಗುತ್ತಿದೆ.

ತಾವು ನಮ್ಮಲ್ಲಿಗೆ ಹೇಗೆ ದಯಮಾಡಿಸಿದಿರಿ ಎಂಬುದನ್ನು ದಾಖಲೆಗಾಗಿ ಬರೆಯುತ್ತೇನೆ. ನನ್ನ ಗೆಳೆಯ ಲಿಯೋ ಕಾರ್ಮೊಡಿಯನ್ನು ತಾವು ಬಲ್ಲಿರಿ. ಊರಿನ ಅರ್ಧದಷ್ಟು ಪೈಪುಗಳನ್ನು ಹೂತ ಪ್ಲಂಬರ್, ಈಗ ನಿವೃತ್ತ, ಐದನೇ ತರಗತಿಯಲ್ಲಿ ನನ್ನ ಪಕ್ಕ ಬಂದು ಕೂತವನು ಅಲ್ಲಿಂದ ಎದ್ದೇ ಇಲ್ಲ. ನಾವಿಬ್ಬರೂ ಸೇರಿ ಒಂದು ಯಂತ್ರ ಕೊಳ್ಳುವುದೆಂದು ತೀರ್ಮಾನಿಸಿದಾಗ ಡಲ್ಸಿ ಒಂದೇ ಷರತ್ತು ಹಾಕಿದಳು. "ಹೊಸಾ ಫ್ರಿಜ್ಜಿಗಿಂತ ಒಂದು ಡಾಲರ್ ಜಾಸ್ತಿ ಆದ್ರೂ ಆ ಡಬ್ಬದ ಜೊತೆ ನೀನೂ ಶೆಡ್ಡಲ್ಲೇ ಮಲಕ್ಕೋ," ಎಂದಳು. ನಮ್ಮ ಹಳೇ ಫ್ರಿಜ್ಜು ಆಗಲೇ ರಾತ್ರಿಯೆಲ್ಲ ನಡುಗುತ್ತಿತ್ತು, ಆದ್ದರಿಂದ ಆ ಹೋಲಿಕೆ ನನಗೆ ಚೆನ್ನಾಗಿ ನಾಟಿತು.

ಆಮೇಲೆ ಒಂದು ಇಡೀ ಚಳಿಗಾಲ ನಾವು ಓದಿದೆವು. ಯಂತ್ರಗಳಲ್ಲಿ ಎರಡು ಜಾತಿಯೆಂದು ತಿಳಿಯಿತು. ಒಂದು ಜಾತಿಯದು ನಮ್ಮ ಕೆಂಪು ಕಬ್ಬಿಣದ ಮಣ್ಣಿನ ಗಲಾಟೆಗೆ ಕಿವಿಗೊಡದೆ ಆಳದಲ್ಲಿರುವ ಚಿನ್ನವನ್ನಷ್ಟೇ ಕೇಳಿಸಿಕೊಳ್ಳುತ್ತದೆ, ಅದರ ಬೆಲೆಗೆ ಓಡುವ ಸ್ಥಿತಿಯ ಕಾರು ಬರುತ್ತದೆ. ಇನ್ನೊಂದು ಜಾತಿಯದು ಮೇಲುಮಣ್ಣಿನ ಸಣ್ಣ ಕಾಳುಗಳನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಆದರೆ ಮಣ್ಣು ಗೊಣಗಿದರೂ ಬೆಚ್ಚಿಬಿದ್ದು ಕೂಗುತ್ತದೆ. ಅದು ಫ್ರಿಜ್ಜಿನ ಬೆಲೆಗೆ ಸಿಗುತ್ತದೆ. ಇಂಟರ್ನೆಟ್ಟಿನಲ್ಲಿ ಹೊಸಬರಿಗೆ ಬುದ್ಧಿ ಹೇಳುವ ಮಹನೀಯರೆಲ್ಲರೂ ತಂತಮ್ಮ ಕೈಯಲ್ಲಿರುವ ಯಂತ್ರಕ್ಕಿಂತ ಒಳ್ಳೆಯದು ಲೋಕದಲ್ಲಿಲ್ಲ ಎಂದು ಆಣೆಯಿಟ್ಟು ಹೇಳುತ್ತಿದ್ದರು, ಮತ್ತು ಮುಂದಿನ ವಾರ ಅದೇ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಪುಟದಲ್ಲಿ ಮಾರಲು ಇಟ್ಟಿರುತ್ತಿದ್ದರು. ಲಿಯೋಗೆ ಹಳೆಯದಾದರೂ ಸರಿ, ಆಳದ ಜಾತಿಯದೇ ಬೇಕಿತ್ತು. ನನಗೆ ಗ್ಯಾರಂಟಿ ಕಾರ್ಡು ಇರುವ, ಡಬ್ಬದ ಮೇಲೆ ಚಿತ್ರವಿರುವ ಹೊಸದು ಬೇಕಿತ್ತು.

ಕೊನೆಗೆ ಪಕ್ಕದ ಊರಿನ ಅಂಗಡಿಯ ಶ್ರೀ ಕ್ವಿಲ್ಟಿಯವರ ಮುಂದೆ ಹೋಗಿ ನಿಂತೆವು. ಅವರು ತಮ್ಮನ್ನು ಕಪಾಟಿನಿಂದ ಇಳಿಸಿ, ಧೂಳು ಒರೆಸಿ ಹೇಳಿದರು: "ಶುರು ಮಾಡೋರಿಗೆ ಇದಕ್ಕಿಂತ ಬೇರೆ ಬೇಡ ಸ್ವಾಮಿ. ಇದ್ರಲ್ಲಿ ಚಿನ್ನ ಸಿಕ್ತು ಅನ್ನಿ, ಆ ಚಿನ್ನ ಮಾರಿ ದೊಡ್ಡ ಮೆಷಿನ್ ತಗೊಳಿ. ಸಿಗ್ಲಿಲ್ಲ ಅನ್ನಿ, ಚಿನ್ನ ಸಿಗ್ಬೇಕಲ್ಲ, ಅದಕ್ಕೇ ದೊಡ್ಡ ಮೆಷಿನ್ ತಗೊಳಿ." ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಾನು ನೋಡಿರಲಿಲ್ಲ. ತಮ್ಮ ಡಬ್ಬದ ಮೇಲೆ, ತಮಗೆ ಹೆಸರು ಕೊಟ್ಟ ಡಿಂಗೋ ಎಂಬ ಕಾಡುನಾಯಿಯ ಚಿತ್ರದ ಪಕ್ಕ, ಬಿಳೀ ಹಲ್ಲಿನ ಗಂಡಹೆಂಡಿರಿಬ್ಬರು ಕೋಳಿಮೊಟ್ಟೆಯಷ್ಟು ದೊಡ್ಡ ಚಿನ್ನದ ಗಟ್ಟಿ ಹಿಡಿದು ನಗುತ್ತಿದ್ದರು, ಅವರ ಉಗುರಿನಲ್ಲಿ ಒಂದು ಚೂರು ಮಣ್ಣಿರಲಿಲ್ಲ. ಲಿಯೋ ಆ ಉಗುರುಗಳನ್ನು ನನಗೆ ತೋರಿಸಿದ. ನಾನು ಹಲ್ಲುಗಳನ್ನು ನೋಡಿ ಹಣ ಕೊಟ್ಟೆ.

ಮೊದಲ ಶನಿವಾರ ತಾವು ಹಸಿದವನ ಹಳ್ಳದಲ್ಲಿ ತೋರಿದ ಉತ್ಸಾಹವನ್ನು ಮರೆಯಲಾರೆ. ಸಂಘದವರಿಗೆಲ್ಲ ತಿಳಿದಿರುವಂತೆ ಅದು ಸುಣ್ಣದ ಗೂಡು ದಾಟಿ ಮೂರನೇ ಗೇಟಿನಾಚೆ ಇದೆ. ತಮ್ಮ ತಟ್ಟೆಯನ್ನು ನೆಲದ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿ, ಹಸುಗೂಸನ್ನು ತೂಗಿ ಮಲಗಿಸಿದ ಹಾಗೆ ಆ ಮಣ್ಣಿನ ಗೊಣಗಾಟಕ್ಕೆ ತಮ್ಮನ್ನು ಒಗ್ಗಿಸಿ, ನಾನು ಮೊದಲ ಹೆಜ್ಜೆ ಇಟ್ಟೆ. ತಾವು ಕೂಗಿದಿರಿ. ಅಗೆದೆವು, ಏನೂ ಇರಲಿಲ್ಲ. ಎರಡನೇ ಹೆಜ್ಜೆಗೂ ಕೂಗಿದಿರಿ, ಮೂರನೆಯದಕ್ಕೂ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಗುಂಡಿ ತೋಡಿ, ಸಂಘದ ನಿಯಮದಂತೆ ಹದಿನಾಲ್ಕನ್ನೂ ಮುಚ್ಚಿ, ಥರ್ಮಾಸಿನ ಚಹಾ ಮುಗಿಸಿ ಕೂತಾಗ ಲಿಯೋ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಲೋ ನೆವ್, ನೀನು ಕಾಲಿಟ್ಟಲ್ಲೆಲ್ಲ ಚಿನ್ನ ಕಣೋ. ಸುಮ್ನೆ ನಿನ್ನೇ ಕರಗಿಸಿಬಿಡೋಣ್ವಾ?" ಎಂದ. ಆಮೇಲೆ ಅವನ ಕಣ್ಣು ನನ್ನ ಬೂಟಿನ ಮೇಲೆ ನಿಂತಿತು. ಪಾರ್ಸೆಲ್ ವಿಭಾಗದವರಿಗೆ ಇಲಾಖೆ ಕೊಡುತ್ತಿದ್ದ, ಬೆರಳ ಮೇಲೆ ಉಕ್ಕಿನ ತಗಡಿರುವ ಬೂಟು. ತಾವು ಹದಿನಾಲ್ಕು ಸಲ ಪತ್ತೆ ಹಚ್ಚಿದ್ದು ನನ್ನ ಬಲಗಾಲನ್ನು. ತಪ್ಪು ತಮ್ಮದಲ್ಲ. ಲಿಯೋ ನಗುತ್ತ ನೆಲದ ಮೇಲೆ ಉರುಳಿ, ಇರುವೆಯ ಗೂಡಿನ ಮೇಲೆ ಬಿದ್ದು, ಕಚ್ಚಿಸಿಕೊಂಡೂ ನಗುತ್ತಿದ್ದ.

ಇನ್ನು ತಮ್ಮ ಹಿಡಿಯ ಕೆಳಗಿರುವ ಆ ತಿರುಗಿಸುವ ಚಿಕ್ಕ ಗುಂಡಿಯ ವಿಷಯ. ಅದಕ್ಕೆ ಎರಡು ಸ್ಥಾನ: ಒಂದು 'ಎಲ್ಲವೂ', ಇನ್ನೊಂದು 'ಕಸ ಬೇಡ'. ಮೊದಲನೆಯದರಲ್ಲಿ ತಾವು ನೆಲದಡಿಯ ಪ್ರತಿಯೊಂದು ಲೋಹಕ್ಕೂ ಕೂಗುತ್ತೀರಿ. ಎರಡನೆಯದರಲ್ಲಿ ಬಿಯರ್ ಡಬ್ಬಿಯ ಕಿತ್ತ ಉಂಗುರ, ಚಾಕಲೇಟಿನ ಬೆಳ್ಳಿಕಾಗದ ಮೊದಲಾದ ಕಸವನ್ನು ಕೇಳಿಸಿಕೊಂಡರೂ ಕೇಳಿಸದಂತೆ ಇದ್ದುಬಿಡುತ್ತೀರಿ. ಲಿಯೋ ಪ್ಲಂಬರ್. ಅವನ ಪ್ರಕಾರ ಅಗೆಯದೆ ನೆಲದಡಿಯಲ್ಲಿ ಏನಿದೆಯೆಂದು ಹೇಳುವವನು ಮೋಸಗಾರ. "ಕೂಗಿದ್ದನ್ನೆಲ್ಲ ಅಗೀಬೇಕು ಕಣಯ್ಯಾ. ಎಲ್ಲ ಅಂದ್ರೆ ಎಲ್ಲ," ಎಂದು ಅವನ ವಾದ. ನಾನು ಅಂಚೆಯವನು. ವಿಂಗಡಿಸುವುದೇ ನನ್ನ ಧರ್ಮ. ಇಡೀ ಚೀಲ ಸುರಿದುಕೊಂಡು ಒಂದೊಂದನ್ನೂ ಬಿಚ್ಚಿ ಓದುವುದು ಕೆಲಸವಲ್ಲ, ಕೆಟ್ಟ ಚಾಳಿ. ಮೂರು ಶನಿವಾರ ಜಗಳವಾಡಿದೆವು. ನಾಲ್ಕನೇ ಶನಿವಾರ ಲಿಯೋ ಕೈ ಚೆಲ್ಲಿದ. "ಹೋಗ್ಲಿ ಬಿಡು ಮಾರಾಯ. ಪುಸ್ತಕ ಓದಿದೋನು ನೀನು. ನಿನ್ನ ದಾರೀಲೇ ಹೋಗೋಣ," ಎಂದ. ಅಂದಿನಿಂದ ಗುಂಡಿ 'ಕಸ ಬೇಡ'ದ ಮೇಲೇ ಇತ್ತು.

ಆ ದಾರಿಯಲ್ಲಿ ತಾವು ನಮಗೆ ದಯಪಾಲಿಸಿದ್ದೇನು ಎಂದು ನೆನಪಿಸಿಕೊಳ್ಳುವುದು ನನ್ನ ಕರ್ತವ್ಯ. ತುಕ್ಕು ಹಿಡಿದ ಬಾಟಲಿ ಮುಚ್ಚಳಗಳು ತಮ್ಮ ಕಣ್ಣಿಗೆ ಕಸವಾಗಿ ಕಾಣಲಿಲ್ಲ. ಮೊಲ ಹೊಡೆಯುವವರ ಸೀಸದ ಗುಂಡುಗಳು, ಹಳೇ ಗಣಿಗಾರರ ಚೌಕಮೊಳೆಗಳು, ಅರ್ಧ ಕುದುರೆಲಾಳ, ಹಿಡಿ ಮುರಿದ ಒಂದು ಚಮಚೆ. ಪ್ರತಿಯೊಂದಕ್ಕೂ ಮಹಾರಾಣಿಯೇ ಬಂದಳೆಂಬಂತೆ ಕೂಗಿದಿರಿ. ಲಿಯೋ ಪ್ರತಿಯೊಂದನ್ನೂ ಮಂಡಿಯೂರಿ, ಮಣ್ಣು ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡ. ಬಗ್ಗುವುದು ಯಾವಾಗಲೂ ಅವನೇ, ಏಕೆಂದರೆ ನನ್ನ ಬೆನ್ನು ಸರಿಯಿಲ್ಲ. ಅವನ ಎಡಮಂಡಿ ಸವೆದದ್ದು ಅಲ್ಲೇ ಎಂದು ನಾನು ಹೇಳುವುದಿಲ್ಲ; ನಲವತ್ತು ವರ್ಷ ಸಿಂಕುಗಳ ಕೆಳಗೆ ತೆವಳಿದವನು ಅವನು. ಆದರೆ ಕೊನೆಯ ಹನ್ನೊಂದು ತಿಂಗಳು ಅದಕ್ಕೆ ಒಳ್ಳೆಯದನ್ನೇನೂ ಮಾಡಲಿಲ್ಲ.

ಆ ಮಂಡಿಯನ್ನು ಬದಲಿಸಲು ಮೇಲೆ ಹೇಳಿದ ಮಂಗಳವಾರವೇ ಬೆಂಡಿಗೊ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಬೆಳಿಗ್ಗೆ ಆರಕ್ಕೆ ನಾನೇ ಕರೆದುಕೊಂಡು ಹೋಗಿ ಬಿಟ್ಟುಬಂದೆ. ಸಂಜೆ ನಾಲ್ಕರವರೆಗೆ ನೋಡಲು ಬಿಡುವುದಿಲ್ಲವೆಂದರು. ಮನೆಯಲ್ಲಿ ಕೂತರೆ ಗಡಿಯಾರ ನೋಡುವುದೊಂದೇ ಕೆಲಸ. ಹೆದರಿಕೆಯಾಗಿತ್ತು ಎಂದು ನೇರವಾಗಿಯೇ ಬರೆಯುತ್ತೇನೆ. ಅವನದು ಅರವತ್ತೊಂಬತ್ತರ ಹೃದಯ, ಅದರ ಮೇಲೆ ಅರಿವಳಿಕೆಯ ಮದ್ದು. ಡಲ್ಸಿ ತಾನೇ ತಮ್ಮನ್ನು ಗಾಡಿಗೆ ಹಾಕಿ, "ಹೋಗಿ ಎಲ್ಲಾದ್ರೂ ತೋಡು. ಇಲ್ಲಿದ್ರೆ ನನ್ನ ತಲೆ ತೋಡ್ತೀಯ," ಎಂದು ಅಟ್ಟಿದಳು.

ಇಲ್ಲಿ ನಮ್ಮ ಕಡೆಯ ಒಂದು ಕಟ್ಟಳೆಯನ್ನು ತಮ್ಮ ಗಮನಕ್ಕೆ ತರಬೇಕು, ತಾವು ಹೊರನಾಡಿನಲ್ಲಿ ತಯಾರಾದವರು. ಚಿನ್ನಕ್ಕೆಂದು ಜೊತೆಯಾಗಿ ಹೊರಟ ಇಬ್ಬರು, ಗಾಡಿಯಿಂದ ಇಳಿಯುವ ಮೊದಲು, ಸೀಟಿನಲ್ಲಿ ಕೂತಿರುವಾಗಲೇ, ಒಬ್ಬ "ಅರ್ಧ ಅರ್ಧ" ಎನ್ನಬೇಕು, ಇನ್ನೊಬ್ಬ "ಅರ್ಧ ಅರ್ಧ" ಎನ್ನಬೇಕು. ಆಮೇಲೆ ಯಾರ ಕೈಗೆ ಏನು ಸಿಕ್ಕರೂ ಇಬ್ಬರದ್ದೂ. ಕಾಗದವಿಲ್ಲ, ಸಾಕ್ಷಿಯಿಲ್ಲ. ಮುರಿದವನ ಪಕ್ಕದಲ್ಲಿ ಸಂಘದ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ, ಅಷ್ಟೇ. ಆ ಮಂಗಳವಾರ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಹನ್ನೊಂದು ತಿಂಗಳ ರೂಢಿಯಂತೆ, ಖಾಲಿ ಸೀಟಿನ ಕಡೆ ತಿರುಗಿ ನಾನು "ಅರ್ಧ ಅರ್ಧ" ಎಂದೆ. ಅದನ್ನು ಮರಳಿ ಹೇಳಬೇಕಾದವನು ಆಸ್ಪತ್ರೆಯಲ್ಲಿದ್ದ. ಗಾಡಿಯಲ್ಲಿ ಇದ್ದವರು ತಾವೊಬ್ಬರೇ.

ಇಳಿದ ಮೇಲೆ ನಾನೊಂದು ಕೆಲಸ ಮಾಡಿದೆ. ತಮ್ಮ ಗುಂಡಿಯನ್ನು 'ಎಲ್ಲವೂ' ಎಂಬಲ್ಲಿಗೆ ತಿರುಗಿಸಿದೆ. ಕೈ ತಾಗಿ ತಿರುಗಿದ್ದಲ್ಲ, ಬೇಕೆಂದೇ ತಿರುಗಿಸಿದ್ದು. ಆ ಹೊತ್ತಿಗೆ ಲಿಯೋನನ್ನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿಸಿರುತ್ತಾರೆ, ಇವತ್ತೊಂದು ದಿನ ಅವನ ಮಾತು ನಡೆಯಲಿ ಎಂದು. ದೇವರಿಗೆ ಹರಕೆ ಹೊರುವ ಅಭ್ಯಾಸ ನನಗಿಲ್ಲ, ನನ್ನಿಂದಾದದ್ದು ಇಷ್ಟೇ. ಮೂರು ಗಂಟೆ ಕೂಗಿದ್ದನ್ನೆಲ್ಲ ಅಗೆದೆ, ನನ್ನ ಸರಿಯಿಲ್ಲದ ಬೆನ್ನನ್ನು ಬಗ್ಗಿಸಿ. ಡಬ್ಬಿಯ ಉಂಗುರ ಹತ್ತೊಂಬತ್ತು. ಇಪ್ಪತ್ತನೆಯ ಸಲ, ಸುಟ್ಟ ನೀಲಗಿರಿ ಮರದ ಬಲಕ್ಕೆ ನಲವತ್ತು ಹೆಜ್ಜೆಯಲ್ಲಿ, ಥೇಟು ಅದೇ ಉಂಗುರದ ದನಿಯಲ್ಲಿ ತಾವು ಮೆಲ್ಲಗೆ ಒಮ್ಮೆ ಕೂಗಿದಿರಿ. ಒಂದು ಗೇಣು ಕೆಳಗೆ, ಬೇರಿನ ಸಂದಿಯ ಜೇಡಿಮಣ್ಣಿನಲ್ಲಿ, ಅವರೆಕಾಳಿನಷ್ಟು ಚಿನ್ನ ಇತ್ತು. ಉಜ್ಜಬೇಕಾಗಿರಲಿಲ್ಲ, ಬೆಳಕಿಗೆ ಹಿಡಿಯಬೇಕಾಗಿರಲಿಲ್ಲ. ನೋಡಿದೊಡನೆ ಗೊತ್ತಾಯಿತು.

"ಲಿಯೋ!" ಎಂದು ಕೂಗಿದೆ. ಇಡೀ ಹಳ್ಳಕ್ಕೆ ಕೇಳಿಸುವ ಹಾಗೆ ಕೂಗಿದೆ. ಮರದ ಮೇಲಿದ್ದ, ಮನುಷ್ಯರ ನಗುವಿನಂಥ ದನಿಯ ಕುಕಬರಾ ಹಕ್ಕಿಯೊಂದು ಬಿದ್ದುಬಿದ್ದು ನಕ್ಕಿತು.

ಆ ಕಾಳನ್ನು ಕೆಮ್ಮಿನ ಗುಳಿಗೆಯ ಡಬ್ಬಿಯಲ್ಲಿ ಹಾಕಿಕೊಂಡು ನಾಲ್ಕು ಗಂಟೆಗೆ ಆಸ್ಪತ್ರೆ ಸೇರಿದೆ. ದಾರಿಯುದ್ದಕ್ಕೂ ಅದನ್ನು ಹೇಗೆ ತೋರಿಸುವುದೆಂದು ಯೋಚಿಸುತ್ತಲೇ ಇದ್ದೆ. ಅವನ ಊಟದ ತಟ್ಟೆಯ ಬಟಾಣಿಯ ನಡುವೆ ಇಡುವುದೆಂದು ತೀರ್ಮಾನಿಸಿದ್ದೆ. ಲಿಯೋ ಎಚ್ಚರವಾಗಿದ್ದ, ಮುಖ ಬಿಳಿಚಿತ್ತು. ನನ್ನ ಕೈ ನೋಡಿದ. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು.

"ಹಳ್ಳಕ್ ಹೋಗಿದ್ಯೇನೋ?"

"ಇಲ್ಲಪ್ಪ. ತೋಟದಲ್ಲಿ ಆಲೂಗಡ್ಡೆ ಕೀಳ್ತಿದ್ದೆ," ಎಂದೆ ನಾನು.

ಮಾನ್ಯರೇ, ಅದು ಯಾವ ಹಳ್ಳದಿಂದ ಬಂದ ಮಾತೋ ನನಗೆ ಇಂದಿಗೂ ತಿಳಿಯದು. ಗೆಳೆಯನ ಕಾಲು ಕೊಯ್ಯುತ್ತಿರುವಾಗ ನಾನು ಚಿನ್ನ ಹುಡುಕುತ್ತಿದ್ದೆ ಎಂದು ಹೇಳಲು ಆ ಕ್ಷಣಕ್ಕೆ ನಾಚಿಕೆಯಾಯಿತು. ಆಲೂಗಡ್ಡೆ ಸುಲಭವಾಗಿತ್ತು. ಇನ್ನೊಂದು ನಿಮಿಷ ಬಿಟ್ಟು ಸರಿಪಡಿಸೋಣ ಎಂದುಕೊಂಡೆ. ಆದರೆ ಆ ನಿಮಿಷದಲ್ಲಿ ಲಿಯೋ ಮಾತು ಶುರು ಮಾಡಿದ.

"ಒಳ್ಳೇದಾಯ್ತು ಬಿಡು. ಅಲ್ಲೇನೂ ಇಲ್ಲ ಕಣೋ ನೆವ್. ಇದ್ದಿದ್ರೆ ಹನ್ನೊಂದು ತಿಂಗಳಲ್ಲಿ ಒಂದು ಸಾಸಿವೆಯಷ್ಟಾದ್ರೂ ಸಿಗ್ತಿರ್ಲಿಲ್ವಾ? ಇನ್ನು ಈ ಕಾಲು ಮಂಡಿಯೂರಕ್ಕೂ ಆಗಲ್ಲ ಅಂದ್ರು. ಒಳಗೆ ಲೋಹ ಬೇರೆ ಇಟ್ಟಿದ್ದಾರೆ, ನಿನ್ ಡಿಂಗೋ ನನ್ನ ನೋಡಿದ್ರೇ ಊಳಿಡುತ್ತೆ. ಮೆಷಿನ್ನು ನೀನೇ ಇಟ್ಕೋ, ನನ್ ಪಾಲು ಬೇಡ. ನಾನು ಬೌಲ್ಸ್ ಆಡೋರ ಜೊತೆ ಸೇರ್ತೀನಿ. ಶನಿವಾರ ಶನಿವಾರ ಆಡ್ತಾರಂತೆ."

ಬೌಲ್ಸ್. ಬಿಳೀ ಪ್ಯಾಂಟು, ಬಿಳೀ ಟೋಪಿ ಹಾಕಿಕೊಂಡು, ಕತ್ತರಿಸಿದ ಹುಲ್ಲಿನ ಮೇಲೆ ಚೆಂಡು ಉರುಳಿಸಿ, ಸೌತೆಕಾಯಿ ಸ್ಯಾಂಡ್‌ವಿಚ್ ತಿನ್ನುವವರ ಜೊತೆ ಲಿಯೋ ಕಾರ್ಮೊಡಿ! ಜೀವನದಲ್ಲಿ ಬಿಳಿಯದನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಳಿಯಾಗಿ ಉಳಿಸಿದವನಲ್ಲ ಅವನು. ನಾನು ಜೇಬಿನಲ್ಲಿ ಡಬ್ಬಿಯನ್ನು ಒತ್ತಿ ಹಿಡಿದುಕೊಂಡು, "ನಿಂಗಿಷ್ಟ ಬಂದ ಹಾಗೆ ಮಾಡು," ಎಂದೆ. ಮೂರು ವಾರ ಕಳೆದವು. ಅವನು ಬಿಳೀ ಪ್ಯಾಂಟಿಗೆ ಅಳತೆ ಕೊಟ್ಟು ಬಂದನೆಂದು ಕೇಳಿದೆ.

ತಮ್ಮಲ್ಲಿ ನನ್ನ ಮನವಿಗಳು ಹೀಗಿವೆ. ತಾವು ಕೊಟ್ಟ ಚಿನ್ನವನ್ನು ಅದೇ ಬೇರಿನ ಸಂದಿಗೆ ಹಿಂದಕ್ಕೆ ಹಾಕಿ, ಲಿಯೋ ಎದುರಿಗಿರುವಾಗ ಇನ್ನೊಮ್ಮೆ ಹುಡುಕಿಕೊಡಲು ಸಾಧ್ಯವೇ ಎಂದು ಪರಿಶೀಲಿಸಬೇಕು. ಇದನ್ನು ನಾನೇ ಮಾಡಬಹುದೆಂದು ಯೋಚಿಸಿ ಒಂದು ಬೆಳಿಗ್ಗೆ ಡಬ್ಬಿ ಮತ್ತು ಗುದ್ದಲಿ ಹಿಡಿದು ಹೊರಟಿದ್ದೂ ಉಂಟು. ಗೇಟಿನ ಬಳಿ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿ ಹಿಂದಿರುಗಿದೆ. ಅದಾಗದಿದ್ದರೆ, ಆ ದಿನ ಗಾಡಿಯಲ್ಲಿ ನಾನು "ಅರ್ಧ ಅರ್ಧ" ಎಂದದ್ದು ತಮಗೇ ಎಂದು ಭಾವಿಸಿ ತಮ್ಮ ಪಾಲನ್ನು ಕೇಳಬೇಕು, ಆಗ ಕನಿಷ್ಠ ಒಬ್ಬ ಪಾಲುದಾರನಿಗಾದರೂ ನಾನು ಮೋಸ ಮಾಡಿಲ್ಲವೆಂದಾಗುತ್ತದೆ. ಮುಂದಿನ ಮಾದರಿಗಳಲ್ಲಿ ಗೆಳೆಯನ ಮುಖ ನೋಡುತ್ತ ಸುಳ್ಳು ಹೇಳುವವನ ಎದೆಯ ಮೇಲೆ ತಟ್ಟೆ ಹಿಡಿದರೆ ಕೂಗುವಂಥ ಒಂದು ಗುಂಡಿಯನ್ನೂ ಅಳವಡಿಸಬೇಕು. ಅದರ ಬೆಲೆ ಎರಡು ಫ್ರಿಜ್ಜಿನಷ್ಟಾದರೂ ಊರಿನ ಹೆಂಗಸರೆಲ್ಲ ಕೊಳ್ಳುತ್ತಾರೆ.

ನಮ್ಮ ಮನೆಯಲ್ಲಿ ಅಂಥ ಯಂತ್ರ ಆಗಲೇ ಇದೆ. ಹೋದ ಸೋಮವಾರ ಒಗೆಯಲು ಹಾಕಿದ ನನ್ನ ಪ್ಯಾಂಟಿನ ಜೇಬಿನಿಂದ ಗುಳಿಗೆ ಡಬ್ಬಿ ತೆಗೆದು ಅಲ್ಲಾಡಿಸಿದ ಡಲ್ಸಿ, ಅದನ್ನು ಅಡುಗೆಮನೆಯ ಮೇಜಿನ ಮೇಲೆ ನನ್ನ ಮುಂದೆ ಇಟ್ಟಳು.

"ಇದು ಕೆಮ್ಮಿನ ಗುಳಿಗೆ ಅಲ್ಲ."

ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾ ಹೋಗಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲಿನ ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸುತ್ತ ಕೇಳಿದಳು. ಕೊನೆಗೆ, "ಅರ್ಧ ಕೊಟ್ಬಿಟ್ರೆ ಮುಗೀತಲ್ಲ? ಅದಕ್ಯಾಕೆ ಇಷ್ಟು ಒದ್ದಾಟ?" ಎಂದಳು.

"ಅರ್ಧ ಕೊಡೋದು ಕಷ್ಟ ಅಲ್ಲ ಡಲ್ಸಿ. ಪೂರ್ತಿ ಬೇಕಾದ್ರೆ ಕೊಡ್ತೀನಿ. ಗುಂಡಿ ಎಲ್ಲಿ ತಿರುಗಿಸಿದ್ದೆ ಅಂತ ಕೇಳ್ತಾನಲ್ಲ ಅವ್ನು."

ಅವಳು ನನ್ನನ್ನೇ ನೋಡಿದಳು. "ಅಯ್ಯೋ ಪುಣ್ಯಾತ್ಮ. ಅವ್ನು ಹೇಳಿದ್ದೇ ಸರಿ ಅಂತ ಒಪ್ಕೋಬೇಕಾಗುತ್ತೆ ಅಂತಾನಾ? ಅಷ್ಟಕ್ಕೇ ಅವ್ನನ್ನ ಬಿಳೀ ಪ್ಯಾಂಟಿಗೆ ಕಳಿಸ್ತಿದ್ದೀಯಾ?" ಎಂದಳು. ಆಮೇಲೆ ಪಾತ್ರೆ ತೊಳೆಯುತ್ತ, ನನ್ನ ಕಡೆ ಬೆನ್ನು ಮಾಡಿ, "ಬಾಯಲ್ಲಿ ಹೇಳಕ್ಕಾಗ್ದಿದ್ರೆ ಬರಿ. ಊರೋರ ಕಾಗದ ಎಲ್ಲ ಹಂಚಿದ್ದೀಯಲ್ಲ, ನಿಂದೇ ಒಂದು ಬರಿ. ಶುಕ್ರವಾರದೊಳಗೆ ಬರೀಲಿಲ್ಲ ಅಂದ್ರೆ ನಾನೇ ಹೋಗಿ ಹೇಳ್ತೀನಿ," ಎಂದಳು. ಈ ಪತ್ರ ಹೀಗೆ ಹುಟ್ಟಿತು. ಅವನಿಗೆ ನೇರವಾಗಿ ಬರೆಯಲು ನಾಲ್ಕು ಸಲ ಕೂತೆ, 'ಪ್ರಿಯ ಲಿಯೋ' ಎಂಬುದರಾಚೆ ಪೆನ್ನು ಹೋಗಲಿಲ್ಲ. ತಮಗಾದರೆ, ಮಾನ್ಯರೇ, ನೋಡಿ, ಎಷ್ಟು ಸಲೀಸಾಗಿ ಬರುತ್ತಿದೆ.

ಆದ್ದರಿಂದ ತಮ್ಮನ್ನು ಸಾಕ್ಷಿಯಾಗಿಟ್ಟುಕೊಂಡು, ಫಲಕದ ಮುಂದೆ ನಿಂತು ಓದುವವರೆಲ್ಲರ ಎದುರಿಗೆ ಬರೆಯುತ್ತೇನೆ. ಗುಂಡಿ 'ಎಲ್ಲವೂ' ಎಂಬಲ್ಲಿತ್ತು. ಲಿಯೋ ಕಾರ್ಮೊಡಿ ಹೇಳಿದ್ದೇ ಸರಿ. ಐವತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ನಾನು ಬರೆದದ್ದೂ ಇಲ್ಲ, ಆಡಿದ್ದೂ ಇಲ್ಲ. ಇನ್ನೂ ಒಂದಿದೆ, ಇದು ಡಲ್ಸಿಗೂ ಗೊತ್ತಿಲ್ಲ. ತಮ್ಮ ಕೈಪಿಡಿಯ ಇಪ್ಪತ್ತೇಳನೇ ಪುಟದ ಕೆಳಗೆ, ಇರುವೆಯ ಕಾಲಿನಂಥ ಅಕ್ಷರದಲ್ಲಿ, 'ಕಸ ಬೇಡ ಎಂಬಲ್ಲಿಟ್ಟರೆ ಸಣ್ಣ ಚಿನ್ನವೂ ಕೇಳಿಸದೆ ಹೋಗಬಹುದು' ಎಂದು ಅಚ್ಚಾಗಿದೆ. ಅದನ್ನು ನಾನು ಐದನೇ ತಿಂಗಳಲ್ಲೇ ಓದಿದ್ದೆ. ಓದಿ, ಪುಟ ಮಡಿಸಿ, ಆ ಶನಿವಾರವೂ ಗುಂಡಿಯನ್ನು ಅಲ್ಲೇ ಬಿಟ್ಟೆ. ಆಮೇಲಿನ ಆರು ತಿಂಗಳು ಅವನು ಆ ಮಂಡಿಯ ಮೇಲೆ ಕೂತು ಬಾಟಲಿ ಮುಚ್ಚಳ ಹೆಕ್ಕಿದ್ದು ನಾನು ಸೋಲು ಒಪ್ಪಿಕೊಳ್ಳಲಾರದೆ ಇದ್ದುದರಿಂದ. ನನಗೆ ನಾಚಿಕೆಯಾಗಿದೆ. ಹಳ್ಳದಲ್ಲಿ ಏನೂ ಇಲ್ಲವೆಂದು ಅವನು ನಂಬಿರುವುದು ಸುಳ್ಳು, ಆ ಸುಳ್ಳು ನನ್ನದು. ಚಿನ್ನ ಇದೆ, ಇನ್ನೂ ಇರಬಹುದು. ಬಗ್ಗುವ ಕೆಲಸ ಇನ್ನು ಮೇಲೆ ನನ್ನದು. ಬೆನ್ನು ಹೋದರೆ ಹೋಗಲಿ. ಅವನು ಮಡಚುವ ಕುರ್ಚಿಯಲ್ಲಿ ಕೂತು 'ಅಗಿ' ಎಂದರೆ ಸಾಕು, ನಾನು ಅಗೆಯುತ್ತೇನೆ. ಅವನಿಲ್ಲದ ಶನಿವಾರಗಳು ನನಗೆ ಬೇಡ.

ತಮಗೆ ಕೊಟ್ಟ ತೊಂದರೆಗೆ ಕ್ಷಮೆಯಿರಲಿ. ತಾವು ಅಗ್ಗದವರೆಂದು ಹಲವು ಸಲ ಬೈದಿದ್ದೇನೆ. ನಮ್ಮಿಬ್ಬರಲ್ಲಿ ಹೆಚ್ಚು ಅಗ್ಗದವನು ಯಾರೆಂದು ಈ ಪತ್ರ ಓದಿದವರು ತೀರ್ಮಾನಿಸಲಿ.

ಇಂತಿ, ಅಂಚೆಯವನಾಗಿದ್ದೂ ಮೂರು ವಾರ ಒಂದು ಮಾತನ್ನು ತಲುಪಿಸದೆ ಇಟ್ಟುಕೊಂಡ, ತಮ್ಮ ವಿಶ್ವಾಸಿ ಎನ್ನಿಸಿಕೊಳ್ಳಲು ಇನ್ನೂ ಪ್ರಯತ್ನಿಸುತ್ತಿರುವ,

ನೆವಿಲ್ ಪೆಂಗೆಲಿ

ತಾಜಾ ಕಲಂ, ಭಾನುವಾರ ಪೆನ್ಸಿಲಿನಲ್ಲಿ ಸೇರಿಸಿದ್ದು: ಶುಕ್ರವಾರ ಸಂಜೆ ಸಂಘದಲ್ಲಿ ಸಾಸೇಜು ಸುಡುವ ಹೊತ್ತಿಗೆ ಲಿಯೋ ಕೋಲೂರಿಕೊಂಡು ಬಂದ. ಫಲಕದ ಮುಂದೆ ನಿಂತು, 'ಮಾನ್ಯರೇ'ಯಿಂದ ನನ್ನ ಹೆಸರಿನವರೆಗೆ ಒಂದಕ್ಷರ ಬಿಡದೆ ಓದಿದ. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಪಕ್ಕದ ಫಲಕದಲ್ಲಿ ಹಾವು ಕಚ್ಚಿದರೆ ಏನು ಮಾಡಬೇಕೆಂಬುದನ್ನು ಓದುತ್ತಿದ್ದೆ. ಓದಿ ಮುಗಿಸಿ ನನ್ನ ಕಿವಿಯ ಹತ್ತಿರ ಬಂದು, "ಮೂರನೇ ಗೇಟು, ಸುಟ್ಟ ನೀಲಗಿರಿ, ಬಲಕ್ಕೆ ನಲವತ್ತು ಹೆಜ್ಜೆ ಅಂತೆಲ್ಲ ಬರ್ದಿದ್ದೀಯಲ್ಲೋ. ಹನ್ನೊಂದು ತಿಂಗಳು ನಾವು ಹೋಗ್ತಿದ್ದಿದ್ದು ಅಲ್ಲಿಗಲ್ವಲ್ಲ?" ಎಂದು ಪಿಸುಗುಟ್ಟಿದ. "ಅಲ್ಲ," ಎಂದೆ. "ಸದ್ಯ. ನೀನು ಪೂರ್ತಿ ಕೆಟ್ಟುಹೋಗಿಲ್ಲ," ಎಂದವನೇ ಸಾಸೇಜು ತರಲು ಹೋದ. ಈ ಪತ್ರವನ್ನು ಓದುವಾಗ ಕಣ್ಣೊರೆಸಿಕೊಂಡು, ಓದಿದ ಮೇಲೆ ಅಂಗೈಯಲ್ಲಿ ಜಾಗದ ಗುರುತು ಬರೆದುಕೊಂಡ ಸಂಘದ ಸದಸ್ಯರಲ್ಲಿ ಒಂದು ವಿನಂತಿ: ಶನಿವಾರ ಬೆಳಿಗ್ಗೆ ಹಸಿದವನ ಹಳ್ಳದಲ್ಲಿ ಹನ್ನೊಂದು ಗಾಡಿ ನಿಂತಿದ್ದವಂತೆ, ದಯವಿಟ್ಟು ತಾವು ತೋಡಿದ ಗುಂಡಿಗಳನ್ನೆಲ್ಲ ಮುಚ್ಚಿ ಬನ್ನಿ. ಎಷ್ಟು ಗುಂಡಿಗಳಿವೆಯೆಂದು ನಾವು ನೋಡಿಲ್ಲ. ನಾವಿಬ್ಬರೂ ಬೇರೆ ಕಡೆ ಇದ್ದೆವು.